ಹೊಂದಿಕೊಳ್ಳಬೇಕಾದವರು ಯಾರು?

*ಇಂದಿನ ಧಮ್ಮ ಚಿಂತನೆ: ಸಮ್ಮಾ ಆಜೀವ*

 



ಈ ವಾರ ನಮ್ಮ ಅಧ್ಯಯನ ಬಳಗದಲ್ಲಿ ಅಷ್ಟಾಂಗ ಮಾರ್ಗದ ಐದನೆಯ ಅಂಗವನ್ನು ಓದುತ್ತಿದ್ದೇವೆ. ಸಮ್ಮಾ ಆಜೀವ, ಅಂದರೆ ಸರಿಯಾದ ಜೀವನೋಪಾಯ. ಒಬ್ಬೊಬ್ಬರೂ ಅವರವರ ಕೆಲಸವನ್ನೇ ಇಟ್ಟುಕೊಂಡು ಬರೆಯಬೇಕು ಅಂತ ಮಾತಾಗಿತ್ತು. ಇವತ್ತು ನನ್ನ ಸರದಿ.

ನಾನು ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರಿಗೆ ಪ್ರಮೋಷನ್, ಯಾರಿಗೆ ಟ್ರೈನಿಂಗ್, ಯಾರು ಕೆಲಸ ಬಿಟ್ಟರು, ಯಾಕೆ ಬಿಟ್ಟರು, ಇದೆಲ್ಲ ನನ್ನ ಟೇಬಲ್ ದಾಟಿಯೇ ಹೋಗಬೇಕು.

ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಭಗವಾನ್ ಬುದ್ಧರು ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮೊದಲ ಸಲ ಅದನ್ನು ಓದಿದಾಗ ನನಗೆ ಸಮಾಧಾನವಾಗಿತ್ತು. ನನ್ನ ಕೆಲಸ ಆ ಐದರಲ್ಲಿ ಇಲ್ಲ. ಎಸಿ ರೂಮು, ಕಂಪ್ಯೂಟರು, ಒಳ್ಳೆಯ ಮಾತು, ತಿಂಗಳ ಕೊನೆಗೆ ಸಂಬಳ. ಉಳಿದ ಏಳು ಅಂಗಗಳ ಕಥೆ ಏನೇ ಇರಲಿ, ಇದೊಂದು ನನಗೆ ಆಗಲೇ ದಕ್ಕಿದೆ ಅಂದುಕೊಂಡಿದ್ದೆ.

ದಕ್ಕಿಲ್ಲ ಅಂತ ಗೊತ್ತಾಗಿದ್ದು ಒಂದು ತರಬೇತಿಯಲ್ಲಿ.

ನಮ್ಮ ವೃತ್ತಿಯವರಿಗೆ ವರ್ಷಕ್ಕೊಮ್ಮೆಯಾದರೂ ಇಂಥ ತರಬೇತಿ ಇರುತ್ತದೆ. ಹೋಟೆಲಿನ ಹಾಲು, ಕೊರಳಿಗೆ ಬ್ಯಾಡ್ಜು, ಗೋಡೆಯ ಮೇಲೆ ಸ್ಲೈಡು. ಈ ಸಲದ ವಿಷಯ ವರ್ಕ್‌ಪ್ಲೇಸ್ ಕಲ್ಚರ್ ಮತ್ತು ಟ್ಯಾಲೆಂಟ್. ಕೆಲಸದ ಜಾಗದ ಸಂಸ್ಕೃತಿ ಹೇಗಿರಬೇಕು, ಪ್ರತಿಭೆಯನ್ನು ಹೇಗೆ ಗುರುತಿಸಬೇಕು, ಹೇಗೆ ಉಳಿಸಿಕೊಳ್ಳಬೇಕು ಅಂತ. ಎರಡನೇ ದಿನ ಊಟವಾದ ಮೇಲೆ ಎಲ್ಲರೂ ತೂಕಡಿಸುವ ಹೊತ್ತಿಗೆ ಟ್ರೈನರ್ ಒಂದೊಂದು ಚೀಟಿ ಹಂಚಿದರು.

"ಕಲ್ಚರ್ ಫಿಟ್ ಇಲ್ಲ ಅಂತ ಬರೆದು ನೀವು ರಿಜೆಕ್ಟ್ ಮಾಡಿದ ಒಬ್ಬರನ್ನ ನೆನಪು ಮಾಡ್ಕೊಳ್ಳಿ. ಆ ಪದ ಬಳಸದೆ ಕಾರಣ ಬರೀರಿ. ಒಂದೇ ಸಾಲು ಸಾಕು."

ಐದು ನಿಮಿಷ ಕೊಟ್ಟರು. ನನ್ನ ಚೀಟಿ ಖಾಲಿಯಾಗಿಯೇ ಉಳಿಯಿತು. ಕಾರಣ ಗೊತ್ತಿಲ್ಲದೆ ಅಲ್ಲ. ಚೆನ್ನಾಗಿ ಗೊತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದಿದ್ದ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. ಈ ಕಡೆ ನಾವು ಮೂವರು. ತಾಂತ್ರಿಕ ಪ್ರಶ್ನೆಗಳಿಗೆ ಚೆನ್ನಾಗಿಯೇ ಉತ್ತರ ಕೊಟ್ಟ. ಕಾಗದದ ಮೇಲೆ ಕೊಟ್ಟ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಅಂತ ಕೇಳಿದರೆ ಪೆನ್ಸಿಲ್ ತೆಗೆದು ಸರಿಯಾಗಿ ಅಲ್ಲಿಗೇ ಗೆರೆ ಎಳೆದ. ಆಮೇಲೆ ನಮ್ಮಲ್ಲೊಬ್ಬರು ವಾತಾವರಣ ಹಗುರ ಮಾಡೋಣ ಅಂತ, "ನಿಮ್ಮ ಫ್ಯಾಮಿಲಿ ಬಗ್ಗೆ ಸ್ವಲ್ಪ ಹೇಳಿ. ಫಾದರ್ ಏನ್ ಮಾಡ್ತಾರೆ?" ಅಂದರು.

"ಪುರಸಭೇಲಿ ಕೆಲಸ ಸರ್."

"ಯಾವ ಪೋಸ್ಟು?"

ಹುಡುಗ ಸುಮ್ಮನಾದ. ನನ್ನ ಮುಖ ನೋಡಿ, "ಮೇಡಂ..." ಅಂದು ಅಷ್ಟಕ್ಕೇ ನಿಲ್ಲಿಸಿದ. ಆಮೇಲೆ ಕೇಳಿದ ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಬರಲಿಲ್ಲ. ಗೊತ್ತಿದ್ದದ್ದೂ ತೊದಲಿತು. ಅವನು ಹೊರಗೆ ಹೋದ ಮೇಲೆ ಇಬ್ಬರೂ ಸಹೋದ್ಯೋಗಿಗಳು, "ಟೆಕ್ನಿಕಲಿ ಓಕೆ. ಆದರೆ ಟೀಮಿಗೆ ಸೆಟ್ ಆಗಲ್ಲ" ಅಂದರು. ಫಾರಂ ತುಂಬುವ ಕೆಲಸ ನನ್ನದು. ನಾನು ಬರೆದೆ: ಕಲ್ಚರ್ ಫಿಟ್ ಇಲ್ಲ, ಆತ್ಮವಿಶ್ವಾಸ ಕಡಿಮೆ. ಸಹಿ ಹಾಕಿದೆ.

ಆ ಮೌನ ಏನು ಅಂತ ಆ ರೂಮಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಅಪ್ಪನೂ ಪುರಸಭೆಯಲ್ಲಿ ಪೌರಕಾರ್ಮಿಕರಾಗಿದ್ದವರು. ಬೆಳಗಿನ ಜಾವ ಐದಕ್ಕೆ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ನನ್ನ ಮೊದಲ ಇಂಟರ್‌ವ್ಯೂನಲ್ಲೂ ಇದೇ ಪ್ರಶ್ನೆ ಬಂದಿತ್ತು. "ಗವರ್ನಮೆಂಟ್ ಸರ್ವೆಂಟ್" ಅಂದು, ಮುಂದಿನ ಪ್ರಶ್ನೆ ಬಾರದ ಹಾಗೆ ನಕ್ಕಿದ್ದೆ. ಆ ನಗು ಕಲಿಯೋದಕ್ಕೆ ನನಗೆ ಹಾಸ್ಟೆಲಿನ ಆರು ವರ್ಷ ಹಿಡಿದಿತ್ತು. ಆ ಹುಡುಗ ಇನ್ನೂ ಕಲಿತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಮಾತು ಆಡಬಹುದಿತ್ತು. "ಆ ಪ್ರಶ್ನೆ ಕೇಳೋವರೆಗೂ ಅವನು ಚೆನ್ನಾಗೇ ಇದ್ದ" ಅಂದಿದ್ದರೆ ಸಾಕಿತ್ತು. ಆಗ ಇಬ್ಬರೂ ತಿರುಗಿ ನನ್ನನ್ನು ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಸಹಿ ಹಾಕಿದೆ.

ಬಂಧುಗಳೇ, ನನ್ನ ಸಹೋದ್ಯೋಗಿಗಳು ಕೆಟ್ಟವರಲ್ಲ. ಅವರು ಜಾತಿ ಕೇಳಲಿಲ್ಲ. ಜಾತಿ ನೋಡಿ ತೀರ್ಮಾನ ಮಾಡಿದೆವು ಅಂತ ಯಾರಾದರೂ ಅಂದರೆ ನಿಜವಾಗಿಯೂ ನೊಂದುಕೊಳ್ಳುತ್ತಾರೆ. ಕಷ್ಟ ಇರುವುದೇ ಅಲ್ಲಿ. 2007ರಲ್ಲಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಎಂಬ ಸಮಾಜಶಾಸ್ತ್ರಜ್ಞರು ದೊಡ್ಡ ಕಂಪನಿಗಳ 25 ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತನಾಡಿಸಿ ಒಂದು ಲೇಖನ ಬರೆದರು. ನಾವು ನೋಡೋದು ಮೆರಿಟ್ ಮಾತ್ರ ಅನ್ನುವವರೇ, ಅಭ್ಯರ್ಥಿಯ ಮನೆತನದ ಹಿನ್ನೆಲೆಯೂ ಮುಖ್ಯ ಅನ್ನುತ್ತಿದ್ದರು. ತಂದೆ ತಾಯಿ ಏನು ಓದಿದ್ದಾರೆ, ಏನು ಕೆಲಸ, ಬೆಳೆದದ್ದು ಎಲ್ಲಿ. ಎರಡು ಮಾತಿಗೂ ಹೊಂದಾಣಿಕೆ ಇಲ್ಲ ಅನ್ನುವುದು ಅವರಿಗೆ ಕಾಣುತ್ತಿರಲಿಲ್ಲ.

ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು, ಅನುಭವ ಎಲ್ಲ ಸರಿಸಮ. ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಇಂಟರ್‌ವ್ಯೂ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಇತ್ತು. ಇದು ಬಾಗಿಲ ಹೊರಗಿನ ಜರಡಿ. ನನ್ನ ಹುಡುಗ ಅದನ್ನು ದಾಟಿ ಒಳಗೆ ಬಂದಿದ್ದ. ಒಳಗಿನ ಜರಡಿ ಹಿಡಿದು ಕೂತಿದ್ದವಳು ನಾನು.

ಈಗ ಧಮ್ಮದ ಕಡೆಗೆ ಬರುತ್ತೇನೆ.

"ಆತ್ಮವಿಶ್ವಾಸ ಕಡಿಮೆ" ಅಂತ ಬರೆದೆನಲ್ಲ, ಆ ಎರಡು ಪದದ ತೀರ್ಪಿನಲ್ಲಿ ಏನು ತಪ್ಪಿದೆ ಅಂತ ಬಹಳ ದಿನ ಯೋಚಿಸಿದೆ. ಪ್ರತೀತ್ಯ ಸಮುತ್ಪಾದ ನಮಗೆ ಏನು ಕಲಿಸುತ್ತದೆ? ಯಾವುದೂ ತನ್ನಷ್ಟಕ್ಕೆ ತಾನೇ ಇರುವುದಿಲ್ಲ, ಕಾರಣಗಳು ಕೂಡಿದಾಗ ಹುಟ್ಟುತ್ತದೆ, ಕಾರಣಗಳು ಹೋದಾಗ ಹೋಗುತ್ತದೆ. ಆ ಹುಡುಗನ ತೊದಲು ಹತ್ತು ನಿಮಿಷದ ಹಿಂದೆ ಇರಲಿಲ್ಲ. ನಮ್ಮ ಪ್ರಶ್ನೆ, ಮೂರು ಜೋಡಿ ಕಣ್ಣು, ಆ ಪ್ರಶ್ನೆಯ ಹಿಂದಿರುವ ಸಾವಿರಾರು ವರ್ಷಗಳ ಲೆಕ್ಕ, ಇವೆಲ್ಲ ಕೂಡಿ ಅದು ಹುಟ್ಟಿತು. ನಾನು ಮಾತ್ರ ಅದನ್ನು ಅವನ ಸ್ವಭಾವ ಅಂತ ಬರೆದೆ. ನಾವೇ ಉಂಟುಮಾಡಿದ್ದನ್ನು ಅವನ ಹೆಸರಿಗೆ ಬರೆದೆ. ಜಾತಿ ಮಾಡುವುದೂ ಇದನ್ನೇ ಅಲ್ಲವೇ? ಹೊರಗಿನಿಂದ ಹೇರಿದ್ದನ್ನು ಒಳಗಿನ ಗುಣ ಅನ್ನುವುದು.

ಟ್ಯಾಲೆಂಟ್ ಅನ್ನುವ ಪದವೂ ಹಾಗೆಯೇ. ಕಿಸೆಯಲ್ಲಿ ಇಟ್ಟುಕೊಂಡು ಬಂದ ನಾಣ್ಯದ ಹಾಗೆ ಅದನ್ನು ಅಳೆಯುತ್ತೇವೆ. ಒಬ್ಬನಿಗೆ ಮನೆಯಲ್ಲಿ ಇಂಗ್ಲಿಷ್ ಪೇಪರು, ಕೋಚಿಂಗು, ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು ಅಂತ ಹೇಳಿಕೊಡುವ ಚಿಕ್ಕಪ್ಪ. ಇನ್ನೊಬ್ಬನಿಗೆ ಬೀದಿದೀಪ. ಇಬ್ಬರೂ ಬಂದು ನಿಂತ ಗೆರೆಯನ್ನಷ್ಟೇ ನೋಡಿದರೆ ಸಾಲದು, ಎಷ್ಟು ದೂರದಿಂದ ಓಡಿ ಬಂದರು ಅನ್ನುವುದರಲ್ಲೂ ಪ್ರತಿಭೆ ಇದೆ.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಭಿಕ್ಖುವಾಗಲು ಬಂದವರಿಗೆ ಉಪಸಂಪದೆಯ ಮುಂಚೆ ಸಂಘ ಕೆಲವು ಪ್ರಶ್ನೆ ಕೇಳಬೇಕು. ಇಂತಿಂಥ ಕಾಯಿಲೆ ಇದೆಯೇ, ಸ್ವತಂತ್ರನೇ, ಸಾಲ ಇಲ್ಲವೇ, ರಾಜನ ನೌಕರಿಯಲ್ಲಿ ಇಲ್ಲವಷ್ಟೇ, ತಾಯಿ ತಂದೆಯ ಒಪ್ಪಿಗೆ ಇದೆಯೇ, 20 ವರ್ಷ ತುಂಬಿದೆಯೇ, ಪಾತ್ರೆ ಚೀವರ ಇವೆಯೇ, ಹೆಸರೇನು, ಉಪಾಧ್ಯಾಯರ ಹೆಸರೇನು. ಎಲ್ಲರಿಗೂ ಅವೇ ಪ್ರಶ್ನೆ. ಇದರಲ್ಲಿ ಕೆಲವನ್ನು ಇವತ್ತು ನಾವು ಚರ್ಚಿಸಬಹುದು, ಸಾಲಗಾರನನ್ನೂ ದಾಸನನ್ನೂ ಯಾಕೆ ಹೊರಗಿಟ್ಟರು ಅಂತ ಕೇಳಬಹುದು, ಕೇಳಲೂ ಬೇಕು. ಆದರೆ ಕುಲ ಯಾವುದು ಅನ್ನುವ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ತಂದೆ ಒಪ್ಪಿದ್ದಾರೆಯೇ ಅಂತ ಕೇಳಿದರು, ತಂದೆ ಏನು ಕೆಲಸ ಮಾಡುತ್ತಾರೆ ಅಂತ ಕೇಳಲಿಲ್ಲ.

ಮುಂದಿನದು ಇನ್ನೂ ಮುಖ್ಯ. ತುಂಬಿದ ಸಂಘದ ನಡುವೆ ನಿಲ್ಲಿಸಿ ಕೇಳಿದಾಗ ಕೆಲವರು ಗಾಬರಿಯಾಗಿ ಬಾಯಿ ಬಿಡದೆ ನಿಂತರು. ಉತ್ತರ ಗೊತ್ತಿದ್ದೂ ಹೇಳಲಾಗಲಿಲ್ಲ. ಇದು ಬುದ್ಧರ ಕಿವಿಗೆ ಬಿತ್ತು. ಇವರಿಗೆ ಆತ್ಮವಿಶ್ವಾಸ ಇಲ್ಲ, ವಾಪಸ್ ಕಳಿಸಿ ಅಂತ ಅವರು ಹೇಳಲಿಲ್ಲ. ಮೊದಲು ತಿಳಿಸಿಕೊಡಿ, ಆಮೇಲೆ ಕೇಳಿ ಅಂದರು. ಸಂಘದ ನಡುವೆಯೇ ತಿಳಿಸಿಕೊಟ್ಟರು, ಆಗಲೂ ಗಾಬರಿಯಾದರು. ಹಾಗಾದರೆ ಒಂದು ಪಕ್ಕಕ್ಕೆ ಕರೆದುಕೊಂಡು ಹೋಗಿ ತಿಳಿಸಿಕೊಡಿ, ಆಮೇಲೆ ಸಂಘದ ಮುಂದೆ ಕೇಳಿ ಅಂದರು. ಮೌನ ಕಂಡಾಗ ಬುದ್ಧರು ತಿದ್ದಿದ್ದು ಕೇಳುವ ಕ್ರಮವನ್ನು. ನಾನು ತಿದ್ದಿದ್ದು ಪಟ್ಟಿಯನ್ನು, ಅವನ ಹೆಸರು ಹೊಡೆದು.

ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೊಂದು ಆಕ್ಷೇಪವಿದೆ, ಅದನ್ನೂ ನ್ಯಾಯವಾಗಿ ನೋಡಬೇಕು. ಕಂಪನಿ ಧರ್ಮಛತ್ರ ಅಲ್ಲ. ಹತ್ತು ಜನ ಕೂಡಿ ಕೆಲಸ ಮಾಡುವ ಕಡೆ ಹೊಂದಾಣಿಕೆ ಬೇಡವೇ? ಬೇಕು. ತಪ್ಪಾದರೆ ಮುಚ್ಚಿಡದೆ ಹೇಳುವವರು ಬೇಕು, ಜೊತೆಗಾರರಿಗೆ ಕೈಜೋಡಿಸುವವರು ಬೇಕು, ಹೆಣ್ಣುಮಕ್ಕಳ ಜೊತೆ ಮರ್ಯಾದೆಯಿಂದ ಇರುವವರು ಬೇಕು. ಇವು ಶೀಲ. ಪ್ರಶ್ನೆ ಕೇಳಿ ತಿಳಿಯಬಹುದು, ನಡೆ ನೋಡಿ ಅಳೆಯಬಹುದು. ಸಂಘಕ್ಕೂ ಶೀಲದ ನಿಯಮ ಇತ್ತು, ಸಣ್ಣದೇನಲ್ಲ. ಆದರೆ ಫಿಟ್ ಅನ್ನುವಾಗ ನಾವು ಬಹಳ ಸಲ ನೋಡುವುದು ಶೀಲವನ್ನಲ್ಲ. ಉಚ್ಚಾರಣೆ, ಬೂಟು, ಊಟದ ಡಬ್ಬಿ, ಯಾವ ಬಡಾವಣೆ, ಯಾವ ಸಿನಿಮಾ. ನಮ್ಮ ಹಾಗೇ ಇದ್ದಾನೆಯೇ ಅನ್ನುವುದು. ಶೀಲಕ್ಕೆ ಹೊಂದುವುದು ಬೇರೆ, ಶೀಲೆಯ ಮೇಲೆ ಬರೆದ ಹಾಗೆ ಕುಲದಿಂದ ಬಂದ ಅಭ್ಯಾಸಕ್ಕೆ ಹೊಂದುವುದು ಬೇರೆ.

ಹೊಂದಿಕೊಳ್ಳಬೇಕಾದವರು ಯಾರು ಅನ್ನುವ ಪ್ರಶ್ನೆಗೆ ಚುಲ್ಲವಗ್ಗದಲ್ಲಿ ಒಂದು ಉತ್ತರ ಇದೆ. ಭದ್ದಿಯ, ಅನುರುದ್ಧ, ಆನಂದ, ಭಗು, ಕಿಂಬಿಲ, ದೇವದತ್ತ ಎಂಬ ಶಾಕ್ಯ ರಾಜಕುಮಾರರು ಪಬ್ಬಜ್ಜೆಗೆ ಹೊರಟರು. ಜೊತೆಗೆ ಅವರ ಕ್ಷೌರಿಕ ಉಪಾಲಿ. ಆ ಕುಮಾರರೇ ಬುದ್ಧರಲ್ಲಿ ಕೇಳಿಕೊಂಡರು: ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಆಗ ಅವನು ನಮಗೆ ಹಿರಿಯನಾಗುತ್ತಾನೆ, ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಕುಲದ ಅಹಂಕಾರ ಇಳಿಯುತ್ತದೆ ಅಂತ. ಬುದ್ಧರು ಹಾಗೆಯೇ ಮಾಡಿದರು. ಸಂಘದ ಸಂಸ್ಕೃತಿಗೆ ಹೊಂದಿಕೊಳ್ಳಲು ತಲೆ ಬಗ್ಗಿಸಬೇಕಾಗಿ ಬಂದದ್ದು ರಾಜಕುಮಾರರಿಗೆ. ಆ ಉಪಾಲಿಯೇ ಮುಂದೆ ವಿನಯದಲ್ಲಿ ಎಲ್ಲರಿಗಿಂತ ಮೇಲು ಅನ್ನಿಸಿಕೊಂಡರು. ಬುದ್ಧರ ಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ಸಂಘದ ನಿಯಮಗಳನ್ನೆಲ್ಲ ಒಪ್ಪಿಸಿದವರು ಅವರೇ. ಬಾಗಿಲಲ್ಲಿ ಯಾರಾದರೂ ಒಬ್ಬರು ಫಾರಂ ಹಿಡಿದು ಕೂತಿದ್ದರೆ ಆ ನೆನಪಿನ ಶಕ್ತಿಯನ್ನು ಸಂಘ ಕಳೆದುಕೊಳ್ಳುತ್ತಿತ್ತು.

ಇದಕ್ಕೆ ವಿರುದ್ಧವಾದದ್ದು ನಮ್ಮ ಬಾಬಾಸಾಹೇಬರ ಬರೋಡಾ. 1917. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಿಂದ ಬಂದು ಸಂಸ್ಥಾನದ ಕೆಲಸಕ್ಕೆ ಸೇರಿದವರಿಗೆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ಹಿಂದೂ ಸ್ನೇಹಿತ, ಕ್ರೈಸ್ತ ಸ್ನೇಹಿತ, ಇಬ್ಬರ ಮನೆಯಲ್ಲೂ ಜಾಗವಾಗಲಿಲ್ಲ. ಉದ್ಯಾನದಲ್ಲಿ ಕೂತಿದ್ದು ರಾತ್ರಿ ರೈಲಿಗೆ ಬಾಂಬೆಗೆ ಮರಳಿದರು. ಟ್ಯಾಲೆಂಟ್ ಒಂದೇ ಸಾಕಿದ್ದರೆ ಅವರಿಗಿಂತ ಬೇಕೇ? ನಮ್ಮ ಎಚ್‌ಆರ್ ಭಾಷೆಯಲ್ಲಿ ಆ ಕಡತ ಹೇಗಿರುತ್ತಿತ್ತು ಅಂತ ನನಗೆ ಗೊತ್ತು: ಉದ್ಯೋಗಿ ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ. ಅದಕ್ಕೇ ಕೆಲಸದ ಜಾಗದ ಸಂಸ್ಕೃತಿ ಅನ್ನುವುದು ನಮ್ಮ ಜನಕ್ಕೆ ಹೋಟೆಲ್ ಹಾಲಿನ ಮೆತ್ತನೆ ವಿಷಯ ಅಲ್ಲ. ನೀರು, ನೆಲೆ, ಅನ್ನದ ವಿಷಯ.

ಒಳಗೆ ತೆಗೆದುಕೊಂಡರೆ ಮುಗಿಯಿತೇ? ಇಲ್ಲ. ಸಿಗಾಲೋವಾದ ಸುತ್ತದಲ್ಲಿ ಯಜಮಾನ ತನ್ನ ಕೆಲಸಗಾರರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬುದ್ಧರು ಐದು ಮಾತು ಹೇಳುತ್ತಾರೆ. ಶಕ್ತಿಗೆ ತಕ್ಕ ಕೆಲಸ, ಸರಿಯಾದ ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ತಿನಿಸು ಬಂದಾಗ ಹಂಚಿಕೊಳ್ಳುವುದು, ಸಮಯಕ್ಕೆ ಬಿಡುವು. ನನ್ನ ಕಣ್ಣು ನಾಲ್ಕನೆಯದರ ಮೇಲೆ ನಿಂತಿತು. ಇವತ್ತಿನ ಆಫೀಸಿನಲ್ಲಿ ವಿಶೇಷ ತಿನಿಸು ಯಾವುದು? ಒಳ್ಳೆಯ ಪ್ರಾಜೆಕ್ಟು, ವಿದೇಶದ ಪ್ರವಾಸ, ದೊಡ್ಡ ಟ್ರೈನಿಂಗು, ಬಾಸ್ ಜೊತೆ ಕೂತು ಕಾಫಿ ಕುಡಿಯುವ ಅವಕಾಶ. ಅದು ಯಾರಿಗೆ ಸಿಗುತ್ತದೋ ಅವರೇ ಎರಡು ವರ್ಷದಲ್ಲಿ ಟ್ಯಾಲೆಂಟ್ ಅನ್ನಿಸಿಕೊಳ್ಳುತ್ತಾರೆ. ಸಿಗದವನಿಗೆ ಬೆಳೆಯಲಿಲ್ಲ ಅನ್ನುತ್ತೇವೆ. ನೀರು ಹಾಕದ ಗಿಡವನ್ನು ಬೈದ ಹಾಗೆ.

ಈಗ ನನ್ನ ಪ್ರಾಯಶ್ಚಿತ್ತದ ಮಾತು. ಪ್ರಾಯಶ್ಚಿತ್ತ ನಮ್ಮ ಪದ ಅಲ್ಲ, ಕ್ಷಮಿಸಿ. ಧಮ್ಮದಲ್ಲಿ ತಪ್ಪನ್ನು ತಪ್ಪು ಅಂತ ಕಂಡು, ಹೇಳಿಕೊಂಡು, ಮುಂದೆ ಸಂಯಮದಿಂದ ಇರುವುದಷ್ಟೇ ಇದೆ. ಆ ಹುಡುಗನನ್ನು ಹುಡುಕಿದೆ. ಹಳೆಯ ಅರ್ಜಿಗಳನ್ನು ಕಂಪನಿ ಉಳಿಸಿಕೊಳ್ಳುವುದಿಲ್ಲ. ಹೆಸರಿನ ಅರ್ಧ ಮಾತ್ರ ನೆನಪಿದೆ. ಸಿಗಲಿಲ್ಲ. ಅವನಿಗೆ ಆದದ್ದು ಸರಿಯಾಗಿಲ್ಲ, ಸರಿಯಾಗುವುದೂ ಇಲ್ಲ.

ಕೈಯಲ್ಲಿದ್ದದ್ದನ್ನು ಮಾಡಿದೆ. ಇಂಟರ್‌ವ್ಯೂನಿಂದ ಕುಟುಂಬದ ಪ್ರಶ್ನೆ ತೆಗೆಸಿದೆ. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಮೂವರೂ ಪರಸ್ಪರ ಮಾತಾಡುವ ಮುಂಚೆ ಬೇರೆ ಬೇರೆ ಅಂಕ ಹಾಕಬೇಕು. ಕಲ್ಚರ್ ಫಿಟ್ ಅನ್ನುವ ಕಾಲಂ ಹೋಯಿತು. ಅದರ ಜಾಗದಲ್ಲಿ, ಯಾವ ನಡೆ ನೋಡಿದಿರಿ, ಉದಾಹರಣೆ ಬರೆಯಿರಿ ಅಂತ ಬಂತು. ಇದರಲ್ಲಿ ಹೊಸದೇನಿಲ್ಲ. ಹೀಗೆ ಕ್ರಮಬದ್ಧವಾಗಿ ಕೇಳಿದರೆ ಯಾರು ಮುಂದೆ ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನುವುದು ಹೆಚ್ಚು ಸರಿಯಾಗಿ ತಿಳಿಯುತ್ತದೆ ಅಂತ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಗಳನ್ನು ಒಟ್ಟು ಮಾಡಿ 1998ರಲ್ಲೇ ತೋರಿಸಿದ್ದರು. ನಮ್ಮ ತರಬೇತಿಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ನೋಟ್ಸ್ ಬರೆದುಕೊಂಡು, ಊಟ ಮಾಡಿ, ಮನೆಗೆ ಬಂದಿದ್ದೇನೆ.

ಇನ್ನೊಂದನ್ನು ಸೇರಿಸಿದೆ. ಯಾವ ಬಗೆಯ ಪ್ರಶ್ನೆ ಬರುತ್ತವೆ, ಎಷ್ಟು ಜನ ಇರುತ್ತಾರೆ, ಎಷ್ಟು ಹೊತ್ತು ಅಂತ ಎರಡು ದಿನ ಮೊದಲೇ ಎಲ್ಲ ಅಭ್ಯರ್ಥಿಗಳಿಗೂ ಕಳಿಸುತ್ತೇವೆ. ಮೊದಲು ತಿಳಿಸಿ, ಆಮೇಲೆ ಕೇಳಿ. ಆರು ತಿಂಗಳು ನೋಡೋಣ ಅಂತ ಮೇಲಿನವರು ಒಪ್ಪಿದ್ದಾರೆ.

ಮೊನ್ನೆ ಒಬ್ಬ ಮ್ಯಾನೇಜರ್, "ಒಳ್ಳೆ ಐಡಿಯಾ ಮೇಡಂ, ಎಲ್ಲಿ ಸಿಕ್ಕಿತು?" ಅಂದರು. ಮಹಾವಗ್ಗ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. "ಟ್ರೈನಿಂಗಲ್ಲಿ" ಅಂದುಬಿಟ್ಟೆ. ಏಪ್ರಿಲ್ 14ಕ್ಕೆ ಇವತ್ತಿಗೂ ವೈಯಕ್ತಿಕ ಕೆಲಸ ಅಂತ ಬರೆದು ರಜೆ ಹಾಕುವವಳು ನಾನು. ಸಮ್ಮಾ ಆಜೀವದಲ್ಲಿ ಒಂದು ಹೆಜ್ಜೆ ಇಟ್ಟಿದ್ದೇನೆ. ಸಮ್ಮಾ ವಾಚಾ ಇನ್ನೂ ಬಾಕಿ ಇದೆ.

ಆ ಖಾಲಿ ಚೀಟಿಯನ್ನು ಟ್ರೈನರ್‌ಗೆ ವಾಪಸ್ ಕೊಡಲಿಲ್ಲ. ಮನೆಗೆ ಬಂದು ಅದರಲ್ಲಿ ಬರೆದೆ: ಅವನ ಅಪ್ಪನ ಕೆಲಸ ನನ್ನ ಅಪ್ಪನ ಕೆಲಸ. ಅದೀಗ ನನ್ನ ಆಫೀಸ್ ಡ್ರಾಯರಿನಲ್ಲಿದೆ. ಪ್ರತಿ ಇಂಟರ್‌ವ್ಯೂಗೆ ಹೋಗುವ ಮುಂಚೆ ಒಮ್ಮೆ ತೆಗೆದು ನೋಡುತ್ತೇನೆ.

*ಇಂದಿನ ಅಭ್ಯಾಸ:* ಇವತ್ತು ಯಾರ ಬಗ್ಗೆಯಾದರೂ "ಅವರ ಸ್ವಭಾವವೇ ಹಾಗೆ" ಅಂತ ಮನಸ್ಸು ಹೇಳಿದರೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಅದು ಹುಟ್ಟಲು ಏನೇನು ಕಾರಣ ಕೂಡಿದವು, ಅದರಲ್ಲಿ ನನ್ನ ಪಾಲು ಎಷ್ಟು ಅಂತ ನೋಡಿ.

*ಭಾನುವಾರದ ಚರ್ಚೆಗೆ:* ನಾವು ದಾಟಿ ಬಂದ ಬಾಗಿಲಲ್ಲಿ ಈಗ ನಾವೇ ಕಾವಲು ನಿಂತಿದ್ದರೆ, ಹಿಂದೆ ಬರುವವರಿಗೆ ನಮ್ಮ ಋಣ ಏನು? ಆಫೀಸು, ಶಾಲೆ, ಬ್ಯಾಂಕು, ಆಸ್ಪತ್ರೆ, ಎಲ್ಲಿ ಇರುವವರೂ ತಮ್ಮ ಅನುಭವ ತನ್ನಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್ 🙏